ತಂತಿಯ ತಪ್ಪೇನೂ ಇರಲಿಲ್ಲ

ಕೈಯಲ್ಲೇ ಮಾತಾಡಿ ಬೆಳೆದ ನನ್ನ ತಂಗಿ ಸಪಿಯಾಳಿಗೆ, ಹೊಳೆದಂಡೆಯ ಮನೆಯಿಂದ ನಿನ್ನ ಅಕ್ಕ ಕಲ್ಸೋಮ್ ಮಾಡುವ ಸಲಾಮು.

ಈ ಕಾಗದ ಉದ್ದವಾಗುತ್ತದೆ, ಸು, ನನ್ನ ಕಿರಿಯವಳೇ. ನೀನು ಸಾಲಿನ ಕೆಳಗೆ ಬೆರಳಿಟ್ಟು ಓದುವವಳು, ಪ್ರತಿ ಮಾತಿಗೂ ಒಮ್ಮೆ ಕಿಟಕಿಯಾಚೆ ನೋಡುವವಳು. ಒಂದೇ ಸಲ ಓದಿ ಮುಗಿಸಬೇಕೆಂದೇನೂ ಇಲ್ಲ. ಕಣ್ಣು ನೋಯುವಾಗ ದಿಂಬಿನ ಕೆಳಗಿಟ್ಟು ಮಲಗು, ಉಳಿದದ್ದನ್ನು ಮರುದಿನ ಓದು. ಸುರಾಯಾಳ ಕೈಗೆ ಮಾತ್ರ ಕೊಡಬೇಡ. ನಿನ್ನ ಸೊಸೆಯ ಮೇಲೆ ನನಗೆ ಏನೂ ಬೇಸರವಿಲ್ಲ, ಚಿನ್ನದಂಥ ಹುಡುಗಿ. ಆದರೆ ಇದು ನಮ್ಮಿಬ್ಬರ ನಡುವಿನ ಮಾತು.

ನಮ್ಮ ಮನೆಯ ಹೊಸ ಇಂಟರ್ನೆಟ್ ಕೆಟ್ಟಿದೆ ಎಂದು ನಿನಗೆ ಗೊತ್ತಿದೆ. ನಾನೇ ಹಾಗೆ ಹೇಳಿದ್ದು. ಅದಕ್ಕಾಗಿ ನನ್ನ ಅಳಿಯ ರೋಸ್ದಿ ಅದರ ಪೆಟ್ಟಿಗೆಯನ್ನು ಬೆಕ್ಕು ಮರಿ ಹೊತ್ತು ತಿರುಗಿದ ಹಾಗೆ ಮನೆಯೆಲ್ಲ ಹೊತ್ತು ತಿರುಗಿದ. ಕಂಪನಿಯವರ ಜೊತೆ ಫೋನಿನಲ್ಲಿ ಜಗಳವಾಡಿದ. ಪಕ್ಕದ ಮನೆಯವರಿಗೆ "ನೀವು ಹಾಕಿಸಿಕೊಳ್ಳಬೇಡಿ" ಎಂದು ಉಪದೇಶವನ್ನೂ ಮಾಡಿದ. ಪಾಪ. ತಂತಿಯದು ಏನೂ ತಪ್ಪಿರಲಿಲ್ಲ. ನಡೆದದ್ದೇನೆಂದು ಮೊದಲಿನಿಂದ ಹೇಳುತ್ತೇನೆ, ಕೇಳು. ಕೇಳು ಎಂದರೆ ನಿನಗೆ ನಗು ಬರುತ್ತದೆ ಎಂದು ನನಗೆ ಗೊತ್ತು. ನಗು.

ಕಳೆದ ದೊಡ್ಡ ನೆರೆಯ ನಂತರ ನಿನ್ನ ಮೊಣಕಾಲು ಮೆಟ್ಟಿಲು ಹತ್ತಲು ಒಲ್ಲೆ ಎಂದಾಗ ನಿನ್ನ ಮಗ ಹಫೀಜಾನ್ ಬಂದು ನಿನ್ನನ್ನು ಜೊಹೋರಿಗೆ ಕರೆದೊಯ್ದ. ಲಿಫ್ಟ್ ಇರುವ ಮನೆ, ಅಮ್ಮ ಒಂದು ಮೆಟ್ಟಿಲೂ ಹತ್ತಬೇಕಾಗಿಲ್ಲ ಎಂದ. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ. ಮೊದಲ ಕೆಲವು ತಿಂಗಳು ನನ್ನ ಮಗಳು ಲೀಜಾಳ ಮೊಬೈಲಿನಲ್ಲಿ ನಿನ್ನ ಮುಖ ನೋಡುತ್ತಿದ್ದೆನಲ್ಲ, ಅದು ನೆನಪಿದೆಯೆ? ನಮ್ಮೂರಿನ ಸಿಗ್ನಲ್ಲು ಹೊಳೆಯ ಆಚೆಗಿನ ಗುಡ್ಡದಿಂದ ಬರಬೇಕು. ಮಾತಾಡುವವರಿಗೆ ಅದು ಹೇಗೋ ನಡೆಯುತ್ತದೆ, ಧ್ವನಿ ಕೆಮ್ಮುತ್ತಾ ಆದರೂ ಬಂದು ಸೇರುತ್ತದೆ. ನಮಗೆ ಹಾಗಲ್ಲ. ನಿನ್ನ ಕೈ ಎದ್ದದ್ದು ಅರ್ಧಕ್ಕೇ ಕಲ್ಲಾಗಿ ನಿಲ್ಲುತ್ತಿತ್ತು. ಮತ್ತೆ ಅಲುಗುವ ಹೊತ್ತಿಗೆ ನೀನು ಹೇಳಬೇಕಾದ್ದು ಹೇಳಿ ಮುಗಿಸಿ, ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಉತ್ತರಕ್ಕೆ ಕಾಯುತ್ತಿದ್ದೆ. ಊಟದ ಮೊದಲ ತುತ್ತೂ ಕೊನೆಯ ತುತ್ತೂ ಕಂಡು ನಡುವಿನದು ಕಾಣದಿದ್ದರೆ ಉಂಡ ಹಾಗಾಗುತ್ತದೆಯೆ? ಕೊನೆಗೆ ಇಬ್ಬರೂ ಸುಮ್ಮನೆ ಮುಖ ನೋಡಿಕೊಂಡು ಕೂರುತ್ತಿದ್ದೆವು. ಆಮೇಲೆ ಅದೂ ನಿಂತುಹೋಯಿತು. ಕಾಗದಗಳು ಉಳಿದವು.

ಹೀಗಿರುವಾಗ ಸುರಾಯಾ ಲೀಜಾಳಿಗೆ ಫೋನಿನಲ್ಲಿ ಹೇಳಿದ ಒಂದು ಮಾತು ನನ್ನ ಕಿವಿಗೆ ಬಿತ್ತು. "ಅಕ್ಕಾ, ಅತ್ತೆ ಮನೇಲಿ ಈಗ ಕೈಯೇ ಆಡಿಸಲ್ಲ. ತಟ್ಟೆ ಕೊಟ್ರೆ ತಗೋತಾರೆ, ಏನಾದ್ರೂ ಕೇಳಿದ್ರೆ ತಲೆ ಆಡಿಸ್ತಾರೆ. ಅಷ್ಟೇ. ನಮಗೆ ಅವರ ಕೈಮಾತು ಬರಲ್ಲ ನೋಡಿ, ಅವರಿಗೂ ಸಾಕಾಗಿದೆ ಅನ್ಸುತ್ತೆ."

ಆ ದಿನ ನಾನು ಅಡುಗೆ ಮಾಡಲಿಲ್ಲ. ಹಸಿವಿಲ್ಲ ಎಂದೆ. ನಮ್ಮ ಕೈಮಾತುಗಳೆಲ್ಲ ನೆನಪಿಗೆ ಬಂದವು. ಅಪ್ಪನಿಗೆ ಬಲೆ ಬೀಸುವ ಕೈ, ಅಮ್ಮನಿಗೆ ಚಿಟಿಕೆ ಉಪ್ಪು, ನಾಳೆಗೆ ಬಾಣಲೆಯ ಮೀನು ಮಗುಚುವುದು, ನೆರೆಗೆ ಗಲ್ಲದ ಕೆಳಗೆ ಅಂಗೈ. ನನಗೆ ಕೆನ್ನೆಯ ಮಚ್ಚೆ, ನಿನಗೆ ಹಣೆಯ ಮೇಲೆ ಅಡ್ಡ ಬೆರಳು, ಚಿಕ್ಕಂದಿನಲ್ಲಿ ಮೆಟ್ಟಿಲಿಂದ ಉರುಳಿದ ಗಾಯದ ಗೆರೆ. ಈ ಮಾತುಗಳನ್ನು ಯಾರೂ ನಮಗೆ ಕಲಿಸಲಿಲ್ಲ. ಬೇಕಾದಾಗ ಬೇಕಾದದ್ದನ್ನು ನಾವೇ ಮಾಡಿಕೊಂಡೆವು, ಅಂಗಳದಲ್ಲಿ ಸಿಕ್ಕಿದ ಸೊಪ್ಪಿನಲ್ಲಿ ಸಾರು ಮಾಡಿದ ಹಾಗೆ. ಈ ಭೂಮಿಯ ಮೇಲೆ ಅದನ್ನು ಆಡುವವರು ನಾವಿಬ್ಬರೇ. ಒಬ್ಬಳು ಬಿಟ್ಟರೆ ಇನ್ನೊಬ್ಬಳು ಯಾರ ಜೊತೆ ಆಡಬೇಕು? ನಿನ್ನ ಕೈ ಮೂಕವಾಯಿತು ಎಂದರೆ ನನ್ನದೂ ಆಯಿತು.

ಅದೇ ವಾರ ರಸ್ತೆಯ ಕಂಬಗಳ ಮೇಲೆ ಹೊಸ ತಂತಿ ಎಳೆಯುವವರು ಬಂದರು. ಒಳಗೆ ಗಾಜಿನ ಎಳೆ ಇರುತ್ತದಂತೆ, ಅದರಲ್ಲಿ ಬೆಳಕು ಓಡುತ್ತದಂತೆ. ಲೀಜಾಳ ಗಂಡ ರೋಸ್ದಿ ಬಹಳ ದಿನದಿಂದ ಆಸೆಪಟ್ಟದ್ದು. ಬೇಡ ಬೇಡ ಎನ್ನುತ್ತಿದ್ದ ನಾನೇ ಹೋಗಿ "ಹಾಕಿಸು" ಎಂದಾಗ ಅವನು ನನ್ನ ಹಣೆ ಮುಟ್ಟಿ ನೋಡಿದ. "ಮಕ್, ನಮ್ಮಮ್ಮಾ, ಮಾವು, ಹಲಸು ಎಲ್ಲಾ ಬಿಟ್ಟು ಈ ಆಸೆ ಯಾವ ಕಾಲದಲ್ಲಿ ಹೂ ಬಿಡ್ತು?" ಎಂದ.

ಕಂಪನಿಯಿಂದ ಅಜ್ಲಾನ್ ಎಂಬವನು ಜಾಗ ನೋಡಲು ಬಂದ. ಗೋಡೆಯ ಮೇಲೆ ಒಂದು ಕಡೆ ತಂತಿ ಬಂದು ನಿಲ್ಲುವ ಪುಟ್ಟ ಪೆಟ್ಟಿಗೆ, ಅದರಿಂದ ಇನ್ನೊಂದು ಬಿಳಿ ಪೆಟ್ಟಿಗೆ. ಆ ಬಿಳಿಯದೇ ಮನೆಯೊಳಗೆ ಸಿಗ್ನಲ್ ಚೆಲ್ಲುವುದು. "ಜಾಗ ಈಗಲೇ ಸರಿಯಾಗಿ ಯೋಚಿಸಿ ಹೇಳಿ ಮಕ್ ಚಿಕ್. ಗೋಡೆ ಪೆಟ್ಟಿಗೆ ಒಂದ್ಸಲ ಕೂತರೆ ಏಳಲ್ಲ. ಈ ತಂತಿ ಮೂಲೆಗೆ ಮಡಚಿದ್ರೆ ಒಳಗೆ ಗಾಜು ಮುರಿಯುತ್ತೆ, ಹಗ್ಗ ಅಲ್ಲ ಇದು" ಎಂದ. ಹೊಸ ಸೊಸೆಗೆ ಕೋಣೆ ಯಾವುದು ಎಂದು ಕೇಳುವವನ ಹಾಗೆ ಮನೆಯೆಲ್ಲ ನೋಡಿದ. ಅಲ್ಲಿಂದ ಶುರುವಾಯಿತು ನಮ್ಮ ಮನೆಯಲ್ಲಿ ಗಲಾಟೆ.

ರೋಸ್ದಿಗೆ ಮುಂದಿನ ಜಗಲಿ ಬೇಕು. ಟಿವಿ ಇರುವುದು ಅಲ್ಲಿ, ಬಂದವರು ಕೂರುವುದು ಅಲ್ಲಿ, ತಂತಿ ಬರುವುದೂ ಆ ಕಡೆಯಿಂದ.

"ಬ್ಯಾಡ್ಮಿಂಟನ್ ನೋಡೋಕೆ ತಾನೆ?" ಎಂದಳು ಲೀಜಾ. "ಕಾಕ್ ಹಾರೋದನ್ನ ನೋಡ್ತಾ ನೋಡ್ತಾ ನಿಮ್ಮ ಕುತ್ತಿಗೆ ಒಂದು ಕಡೆ ವಾಲಿದೆ."

"ನಿಮ್ಮಮ್ಮನ ಆರೋಗ್ಯಕ್ಕೇ ಕಣೆ. ನಮ್ಮೋರು ಗೆದ್ದ ಖುಷೀಲಿ ಅಂಗಡಿಯಿಂದ ಸುಟ್ಟ ಸಾತೆ ಮಾಂಸ ತರಲ್ವಾ?"

ಅಜ್ಲಾನ್ ಇಬ್ಬರ ಮಾತನ್ನೂ ಕೇಳಿ, ಮನೆಯ ನಡುವೆ, ಆದಷ್ಟು ಎತ್ತರದಲ್ಲಿ ಇದ್ದರೆ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಹೇಳಿ, ನೇರವಾಗಿ ಹೋಗಿ ನಡುಕಂಬದ ಮೇಲೆ ಕೈಯಿಟ್ಟ. ಹೌದು, ಆ ಕಂಬವೇ. ಅಪ್ಪ ಎಲ್ಲಕ್ಕಿಂತ ಮೊದಲು ನಿಲ್ಲಿಸಿದ್ದು, ತುದಿಯಲ್ಲಿ ಹಳದಿ ಬಟ್ಟೆ ಕಟ್ಟಿ, ಬುಡದಲ್ಲಿ ಚಿಟಿಕೆ ಬಂಗಾರದ ಪುಡಿ ಹಾಕಿ. ಆಚೆ ಮನೆಯ ದೆರಮಾನ್ ಅಜ್ಜ ಕಾಫಿ ಕುಡಿಯಲು ಬಂದವರು ಅಲ್ಲೇ ಕೂತಿದ್ದರು. ಮನೆ ಕಟ್ಟುವಾಗ ಅಪ್ಪನ ಜೊತೆ ಹಗ್ಗ ಎಳೆದವರಲ್ಲವೆ. ಲೋಟ ಕೆಳಗಿಟ್ಟರು. "ತಮ್ಮಾ, ಆ ಕಂಬಕ್ಕೆ ಮೊಳೆ ಹೊಡೀತೀಯಾ? ನಿನ್ನ ಅಜ್ಜಿ ಬೆನ್ನಿಗೆ ಹೊಡಿ ಹೋಗು, ಅದಾದ್ರೂ ವಾಸಿ" ಎಂದರು. ಹುಡುಗ ಕೈ ತೆಗೆದ. ಬಿಸಿ ತಗುಲಿದವನ ಹಾಗೆ.

ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಸಿಗ್ನಲ್ ಎಲ್ಲಿಗೆ ಮುಟ್ಟುತ್ತದೆ ಎಂಬುದಲ್ಲ, ನನ್ನ ಕೈ ಎಲ್ಲಿ ಕಾಣುತ್ತದೆ ಎಂಬುದು. ಅದನ್ನು ಇವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ಮಾತಾಡುವವರು ಕತ್ತಲಲ್ಲೂ ಮಾತಾಡುತ್ತಾರೆ. ನಮಗೆ ದೀಪ ಆರಿದರೆ ಬಾಯಿ ಹೊಲಿದ ಹಾಗೆ. ಆದ್ದರಿಂದ ಅಜ್ಲಾನನಿಗೆ ಎರಡು ದಿನ ಬಿಟ್ಟು ಬಾ ಎಂದು ಹೇಳಿ, ಲೀಜಾಳ ಕೈಯಲ್ಲಿ ಮೊಬೈಲ್ ಕೊಟ್ಟು, ಮನೆಯ ಒಂದೊಂದು ಜಾಗದಲ್ಲೂ ಕೂತು ಕೈಯಾಡಿಸಿದೆ, ಅವಳು ಫೋಟೋ ತೆಗೆದಳು. ಮುಂದಿನ ಜಗಲಿಯಲ್ಲಿ ಬೆನ್ನ ಹಿಂದೆ ಬಿಸಿಲು, ನನ್ನ ಕೈ ಎರಡು ಕರಿ ಬಾವಲಿಗಳು. ನಡುಮನೆಯಲ್ಲಿ ಮಬ್ಬು, ಬೆರಳೊಂದೂ ಬಿಡಿಯಾಗಿ ಕಾಣುವುದಿಲ್ಲ. ಅಡುಗೆಮನೆಯಲ್ಲಿ ಟ್ಯೂಬ್‌ಲೈಟಿನ ನಡುಕ, ಎದುರಿಗೆ ಒಗ್ಗರಣೆಯ ಹೊಗೆ.

"ಈ ಫೋಟೋದಲ್ಲಿ ಏನು ಹೇಳ್ತಿದೀರಿ ಮಕ್?" ಎಂದು ಕೇಳಿದಳು.

"ಪಾತಿನ್ ಮೀನು, ಹುಳಿ ದುರಿಯನ್ ಹಣ್ಣು ಹಾಕಿದ ಸಾರು, ನಿನ್ನ ಚಿಕ್ಕಮ್ಮನ ಕೈದು ಅಲ್ಲ, ನನ್ನ ಕೈದು ಅಂತ."

"ಇಷ್ಟು ಚಿಕ್ಕ ಬೆರಳಲ್ಲಿ ಅಷ್ಟೂ?"

"ನಿಮ್ಮಂಗೆ ಎಲ್ಲದಕ್ಕೂ ಬಾಯಿ ಪೂರ್ತಿ ತೆಗೀಬೇಕಾಗಿಲ್ಲಮ್ಮ ನಮಗೆ."

ಕೊನೆಗೆ ಉಳಿದದ್ದು ಸೆಲಾಂಗ್. ನಡುಮನೆಗೂ ಅಡುಗೆಮನೆಗೂ ನಡುವಿನ ಆ ಮಾಡು ಹಾಕಿದ ಹಾದಿ, ಹೆಂಗಸರ ಜಾಗ. ಗಂಡಸರು ಅಲ್ಲಿ ನಿಲ್ಲುವುದಿಲ್ಲ, ದಾಟಿ ಹೋಗುತ್ತಾರೆ. ಅದಕ್ಕೇ ಯಾರಿಗೂ ಅದು ಒಂದು ಜಾಗ ಎಂದೇ ಹೊಳೆದಿರಲಿಲ್ಲ. ಎರಡೂ ಕಡೆ ಅರ್ಧಗೋಡೆ, ಎರಡೂ ಕಡೆಯಿಂದ ತೆಳು ಬೆಳಕು. ಅಲ್ಲಿ ಕೂತು ತೆಗೆದ ಫೋಟೋದಲ್ಲಿ ನನ್ನ ಉಗುರಿನ ಸೀಳು ಕೂಡ ಕಂಡಿತು. ಬೇರೆಲ್ಲಿ ಕಾಣಬೇಕು ಹೇಳು. ಹುಣಸೆ ಸುಲಿಯುತ್ತ, ಮೀನಿನ ಹೊಟ್ಟೆ ಬಗೆಯುತ್ತ, ಒಬ್ಬರ ತಲೆಯ ಹೇನು ಒಬ್ಬರು ನೋಡುತ್ತ ನಾವು ಮಾತಾಡಿ ಮಾತಾಡಿ ಸವೆಸಿದ ಹಲಗೆಗಳು ಅವು. ಅಡುಗೆಮನೆ ಸಿಮೆಂಟಾದ ಮೇಲೂ ಅಲ್ಲಿ ಹಲಗೆಯೇ ಉಳಿಯಿತು. ನಿನ್ನನ್ನು ಕರೆಯಬೇಕಾದರೆ ನಾನು ಹಿಮ್ಮಡಿಯಿಂದ ಒಂದು ಗುದ್ದು ಕೊಡುತ್ತಿದ್ದೆ. ನಿನ್ನ ಪಾದಕ್ಕೆ ಅದು ತಿಳಿದು ತಿರುಗುತ್ತಿದ್ದೆ. ಈಗಲೂ ಒಮ್ಮೊಮ್ಮೆ ಮರೆತು ಗುದ್ದುತ್ತೇನೆ. ಲೀಜಾ ಒಳಗಿನಿಂದ "ಏನಾಯ್ತು ಮಕ್" ಎನ್ನುತ್ತಾಳೆ. "ಇರುವೆ" ಎನ್ನುತ್ತೇನೆ.

ಅಜ್ಲಾನ್ ಮತ್ತೆ ಬಂದಾಗ ಸೆಲಾಂಗ್ ತೋರಿಸಿದೆ. "ಇಲ್ಲಿ ಯಾರು ಇಡ್ತಾರೆ?" ಎಂದ. ಆಮೇಲೆ ತನ್ನ ಫೋನು ಹಿಡಿದು ಹಿಂದೆ ಮುಂದೆ ನಡೆದು ನೋಡಿ, ನಡುಮನೆಗೂ ಅಡುಗೆಮನೆಗೂ ತಲುಪುತ್ತದೆ, ಜಗಲಿಗೆ ಸ್ವಲ್ಪ ಸೋತರೂ ಸಾಲುತ್ತದೆ ಎಂದು ಒಪ್ಪಿದ. ಅವನು ಸೊಂಟದೆತ್ತರಕ್ಕೆ ಗುರುತು ಹಾಕಿದ್ದ. ರೋಸ್ದಿ ಅವನ ಭುಜ ಹಿಡಿದು ಗೋಡೆಯ ಮೇಲಿನ ಕೆಸರಿನ ಗೆರೆ ತೋರಿಸಿದ. "ಹೊಳೆ ನಮ್ಮನೆಗೆ ನೆಂಟರ ಥರ ಬರುತ್ತೆ ತಮ್ಮಾ, ಹೇಳದೆ. ಅದು ಕೂತು ಎದ್ದುಹೋದ ಜಾಗ ಇದು. ಇದಕ್ಕಿಂತ ಒಂದು ಮೊಳ ಮೇಲೆ ಇಡು." ಹಾಗೆ ನನ್ನ ಕೈಗೆ ಎಟುಕದ ಎತ್ತರದಲ್ಲಿ ಗೋಡೆ ಪೆಟ್ಟಿಗೆ ಕೂತಿತು, ಪಕ್ಕದಲ್ಲಿ ಹಲಗೆ ಹೊಡೆದು ಬಿಳಿಯದನ್ನು ಇಟ್ಟರು. ಹಸಿರು ದೀಪ ಹತ್ತಿತು. ನಿಜವಾಗಿ ಹೇಳುತ್ತೇನೆ ಸು, ಮದುವೆಯ ಹಿಂದಿನ ದಿನವೂ ನಾನು ಅಷ್ಟು ಚಡಪಡಿಸಿರಲಿಲ್ಲ.

ಮಧ್ಯಾಹ್ನದ ನಮಾಜು ಮುಗಿಸಿ, ಆ ನೀಲಿ ಬಾಜು ಅಂಗಿ ಹಾಕಿಕೊಂಡು, ಕೈಗೆ ಎಣ್ಣೆ ಸವರಿಕೊಂಡು ಕೂತೆ. ಒಣಗಿದ ಕೈ ನೋಡಿ ನೀನು ಬೈಯಬಾರದಲ್ಲ. ಎದುರಿಗೆ ತೆಂಗಿನ ತುರಿಮಣೆ, ಅದಕ್ಕೆ ಒರಗಿಸಿದ ಮೊಬೈಲು. ನೀನು ಬಂದೆ.

ನಿನ್ನ ಹಿಂದಿನ ಪರದೆಯ ಹೂವು ಕಂಡಿತು. ಹುಬ್ಬಿನ ಬಿಳಿಕೂದಲು ಕಂಡಿತು. ಬಟ್ಟಲಿನ ನೀರಿನಲ್ಲಿ ಕಂಡ ಹಾಗೆ ಕಂಡೆ, ಒಂದು ಸಲವೂ ಕಲ್ಲಾಗಲಿಲ್ಲ. ನೀನು ಕೆನ್ನೆ ಮುಟ್ಟಿ ನನ್ನನ್ನು ಕರೆದೆ. ನನಗೆ ಅಳು ಬಂತು. ಆಮೇಲೆ ನಿನ್ನ ಕೈಗಳು ಓಡತೊಡಗಿದವು. ಮೂಕವಾದ ಕೈ ಎಂದು ಯಾರು ಹೇಳಿದ್ದು? ಅಷ್ಟು ಚುರುಕಾಗಿ, ಅಷ್ಟು ಖುಷಿಯಾಗಿ ಅವು ಓಡಿದ್ದನ್ನು ನಾನು ನಮ್ಮ ಹರೆಯದಲ್ಲೂ ಕಂಡಿರಲಿಲ್ಲ. ಬೆರಳು ಬೆರಳೂ ಬಿಡಿಬಿಡಿಯಾಗಿ, ಮೊಣಕೈ ಎತ್ತಿ, ಹುಬ್ಬು ಏರಿಸಿ. ಒಂದೊಂದನ್ನೂ ನೋಡಿದೆ. ಒಂದೂ ತಿಳಿಯಲಿಲ್ಲ.

ಮೊದಲು ನನ್ನ ಕನ್ನಡಕದ ಮೇಲೆ ಸಂಶಯಪಟ್ಟೆ. ತೆಗೆದು ಒರೆಸಿದೆ. ನೀನು ಎದೆ ಮುಟ್ಟಿಕೊಂಡು, ಹಣೆಯ ಮೇಲೆ ಬೆರಳೆಳೆಯುವ ಬದಲು ಎರಡು ಬೆರಳನ್ನು ಕಿವಿಯ ಹತ್ತಿರ ತಂದು ಏನೋ ಮಾಡಿದೆ, ನಕ್ಕೆ. ಅದೇನು? ನಾನೂ ನಕ್ಕೆ. ನೀನು ಇನ್ನೂ ಹೇಳಿದೆ. ನಾನು ತಲೆಯಾಡಿಸಿದೆ. ನಡುನಡುವೆ ನಮ್ಮದೊಂದು ಮಾತು ಬಂದುಹೋಗುತ್ತಿತ್ತು, ಸಂತೆಯಲ್ಲಿ ಪರಿಚಯದ ಮುಖವೊಂದು ಕಂಡು ಮರೆಯಾದ ಹಾಗೆ. ಅದರ ಬೆನ್ನು ಹತ್ತುವಷ್ಟರಲ್ಲಿ ನೀನು ಎಲ್ಲೋ ಹೋಗಿರುತ್ತಿದ್ದೆ.

ಆಮೇಲೆ ನೀನು ನನ್ನ ಮುಖ ನೋಡಿದೆ. ಕೈ ನಿಲ್ಲಿಸಿದೆ. ನಮ್ಮ ಹಳೆಯ ಮಾತಿನಲ್ಲಿ, ನಿಧಾನವಾಗಿ ಕೇಳಿದೆ, "ಕಾಣ್ತಿಲ್ವಾ? ಅಲ್ಲಿ ಕತ್ತಲಾ?"

ನಾನು ಹೌದು ಎಂದುಬಿಟ್ಟೆ. ತಂತಿ ಸರಿಯಿಲ್ಲ, ನಿನ್ನ ಕೈ ನಿಂತು ನಿಂತು ಬರುತ್ತಿದೆ ಎಂದೆ.

ಯಾಕೆ ಹಾಗೆಂದೆನೋ. ಬಾಯಿಂದಾಗಿದ್ದರೆ ಬಾಯಿ ತಪ್ಪಿ ಬಂತು ಎನ್ನಬಹುದಿತ್ತು. ನಿನ್ನ ಮುಖದಲ್ಲಿ ಅಷ್ಟು ಬೆಳಕಿತ್ತು, ನಿನ್ನ ಮಾತು ನನಗೆ ಬರುವುದಿಲ್ಲ ಎಂದು ಹೇಳಿ ಅದನ್ನು ಆರಿಸಲು ಕೈ ಬರಲಿಲ್ಲ. ಅದು ಅರ್ಧ ನಿಜ. ಉಳಿದರ್ಧ ನನ್ನ ಭಯ. ನಿನ್ನ ಮಾತು ಇಡೀ ಊರಿಗೆ ತಿಳಿಯದಿದ್ದಾಗಲೂ ನನಗೆ ತಿಳಿಯುತ್ತಿತ್ತು. ನನ್ನ ಹತ್ತಿರ ಇದ್ದ ಒಂದೇ ಒಡವೆ ಅದು.

ಕಿಟಕಿಯ ಕೆಳಗೆ ದೋಣಿಗೆ ಬಣ್ಣ ಹಚ್ಚುತ್ತಿದ್ದ ರೋಸ್ದಿಗೆ ಲೀಜಾ ಹೋಗಿ ಹೇಳಿದಳು. ಅವನು ಕೈ ಒರೆಸಿಕೊಂಡು ಬಂದ. "ನಾನು ಅವತ್ತೇ ಹೇಳ್ಲಿಲ್ವಾ? ದಾರೀಲಿ ಯಾರಾದ್ರೂ ಇಡ್ತಾರಾ ಇದನ್ನ?" ಎಂದು, ಗೋಡೆ ಪೆಟ್ಟಿಗೆಯನ್ನು ಹಾಗೇ ಬಿಟ್ಟು, ಉದ್ದದ ತಂತಿ ತಂದು ಬಿಳಿಯದನ್ನು ಜಗಲಿಗೆ ಒಯ್ದ. ಅಲ್ಲಿ ಎರಡು ದಿನ. ನನ್ನ ಕೈ ಬಾವಲಿಯಾದದ್ದರಿಂದ ಮತ್ತೆ ನಡುಮನೆಗೆ. ಮೊಳೆ ಹೊಡೆಯುವ ಹಾಗಿಲ್ಲವಲ್ಲ, ಬೆತ್ತದ ಬುಟ್ಟಿ ಹೆಣೆದು ಕಂಬಕ್ಕೆ ಹಗ್ಗದಲ್ಲಿ ತೂಗುಹಾಕಿದ. ದೆರಮಾನ್ ಅಜ್ಜ ಬಂದು ನೋಡಿ "ಇದೇನು, ಮೊಟ್ಟೆ ಇಡೋ ಕೋಳಿ ಹುಡುಕ್ತಿದೀಯಾ?" ಎಂದರು. ಅಲ್ಲಿಂದ ಮಾಡಿದ ಕರೆಯಲ್ಲಿ ಸುರಾಯಾ ನಿನ್ನ ಪಕ್ಕ ಕೂತಿದ್ದಳು. ನೀನು ಹೇಳಿದ್ದಕ್ಕೆ ನಾನು ತಲೆಯಾಡಿಸುವುದನ್ನು ನೋಡಿ ಅವಳೇ ಬಾಯಿಬಿಟ್ಟಳು.

"ಮಕ್ ಲೊಂಗ್, ದೊಡ್ಡಮ್ಮಾ, ನಿಮಗೆ ಹೇಳೋದೇ ಮರೆತಿದ್ದೆ. ಕೆಳಗಿನ ಮನೆ ಹುಡುಗಿಗೂ ಕಿವಿ ಕೇಳಿಸಲ್ಲ. ಅವಳು ಅತ್ತೆನ ಶನಿವಾರ ಶನಿವಾರ ಕರ್ಕೊಂಡು ಹೋಗ್ತಾಳೆ. ಅಲ್ಲಿ ಎಲ್ಲಾ ಇವರಂಥವರೇ ಸೇರ್ತಾರೆ, ಕೈಮಾತು ಕಲಿಸ್ತಾರೆ. ಮನೇಲಿ ಸುಮ್ನೆ ಇರೋ ಅತ್ತೆ ಅಲ್ಲಿ ಒಂದು ನಿಮಿಷ ಸುಮ್ನಿರಲ್ವಂತೆ. ಅವರಿಗೆ ಅಲ್ಲಿ ಹೊಸ ಹೆಸರೂ ಇಟ್ಟಿದಾರೆ." ಅವಳು ಎರಡು ಬೆರಳನ್ನು ಕಿವಿಯ ಹತ್ತಿರ ತಂದು ತೋರಿಸಿದಳು. ನಿನ್ನ ಕಿವಿಯಲ್ಲಿರುವ ಅಮ್ಮನ ಓಲೆಯನ್ನು ನೋಡಿ ಇಟ್ಟ ಹೆಸರಂತೆ.

ನಾನು ಅವಳಿಗೆ ಒಳ್ಳೆಯದಾಯಿತು ಎಂದೆ. ಕರೆ ಮುಗಿದ ಮೇಲೆ ಸೆಲಾಂಗಿಗೆ ಬಂದು ಕೂತೆ. ಹಣೆಯ ಮೇಲೆ ಅಡ್ಡ ಬೆರಳೆಳೆದು ನೋಡಿದೆ. ಆ ಗಾಯದಿಂದ ರಕ್ತ ಸುರಿದಾಗ ನನ್ನ ತಲೆಬಟ್ಟೆ ಒತ್ತಿಹಿಡಿದವಳು ನಾನು, ಆ ಹೆಸರು ಇಟ್ಟವಳು ನಾನು. ಈಗ ಇನ್ಯಾರೋ, ನನಗೆ ಗುರುತಿಲ್ಲದವರು, ನಿನ್ನನ್ನು ನೋಡಿ ಗಾಯದ ಬದಲು ಓಲೆ ಕಂಡರು. ಅವರ ಕಣ್ಣು ಒಳ್ಳೆಯದು ಎಂದುಕೊಳ್ಳಲು ನನಗೆ ಬಹಳ ಹೊತ್ತು ಬೇಕಾಯಿತು.

ಆಗ ನನಗೆ ನಮ್ಮೂರಿನ ಜೈನಾಬಳ ಮಗಳ ಮದುವೆ ನೆನಪಾಯಿತು. ಇಡೀ ಊರಿನ ಹೆಂಗಸರು ಈರುಳ್ಳಿ ಹೆಚ್ಚುತ್ತ ಕೂತಿದ್ದರು, ಯಾರೋ ಏನೋ ಪೋಲಿ ಮಾತು ಹೇಳಿದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ, ಎಲ್ಲರ ನಗು ಮುಗಿಯುವ ಹೊತ್ತಿಗೆ ಒಂದು ಸ್ವಲ್ಪ ತಡವಾಗಿ. ನಾನು ಅದನ್ನು ನೋಡಿ, ಪಕ್ಕಕ್ಕೆ ಸರಿದು, ಆ ಮಾತನ್ನು ನಿನಗೆ ಕೈಯಲ್ಲಿ ಹೇಳಿದೆ. ಆಗ ನೀನು ಮತ್ತೊಮ್ಮೆ ನಕ್ಕೆ, ಈ ಸಲ ಕಣ್ಣಲ್ಲಿ ನೀರು ಬರುವ ಹಾಗೆ. ಮೊದಲ ನಗು ಬೇರೆ, ಎರಡನೆಯದು ಬೇರೆ. ಮನೆ ತುಂಬ ಜನರಿದ್ದೂ ಮೊದಲನೆಯ ನಗುವನ್ನು ನೀನು ಎಷ್ಟು ವರ್ಷ ನಕ್ಕಿರಬೇಕು ಎಂಬುದು ನನಗೆ ಈಗ, ನಾನೇ ಆ ನಗು ನಕ್ಕ ಮೇಲೆ ತಿಳಿಯಿತು. ತಲೆಯಾಡಿಸುವುದು ಎಷ್ಟು ದಣಿವಿನ ಕೆಲಸ, ಸು. ಕತ್ತು ನೋಯುತ್ತದೆ.

ಕಂಪನಿಯವರಿಗೆ ದೂರು ಹೋಯಿತು, ಅಜ್ಲಾನ್ ಮತ್ತೆ ಬಂದ. ಕಂಬದ ಬುಟ್ಟಿ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. ಗೋಡೆ ಪೆಟ್ಟಿಗೆ ಬಿಚ್ಚಿದ, ಯಾವುದೋ ಯಂತ್ರ ಚುಚ್ಚಿದ, ನೋಡಿದ. "ಅಬಾಂಗ್, ಅಣ್ಣಾ, ಲೈನು ಕನ್ನಡಿ ಹಾಗಿದೆ. ಈ ರಸ್ತೇಲಿ ಇಷ್ಟು ಚೆನ್ನಾಗಿ ಯಾರಿಗೂ ಬರ್ತಿಲ್ಲ. ನಿಮಗೆ ಏನು ಕಾಣ್ತಿಲ್ಲ?" ಎಂದು ರೋಸ್ದಿಯನ್ನು ಕೇಳಿದ.

"ನನಗೆಲ್ಲಾ ಕಾಣ್ತಿದೆ ಕಣಯ್ಯ. ಕಾಕಿನ ಗರಿ ಎಣಿಸಬಹುದು. ಅತ್ತೆಗೆ ಕಾಣ್ತಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತುರಿಮಣೆಯ ಮೇಲೆ ಕಣ್ಣಿಟ್ಟು ಕೂತೆ. ಲೀಜಾ ನನ್ನನ್ನೇ ನೋಡುತ್ತಿದ್ದಳು. ನಮ್ಮಿಬ್ಬರ ಕೈ ನೋಡಿಕೊಂಡೇ ಬೆಳೆದವಳಲ್ಲವೆ, ಮಾತು ಬಾರದಿದ್ದರೂ ಮುಖ ಓದಲು ಬರುತ್ತದೆ. ಅವಳು ಅಜ್ಲಾನನಿಗೆ ಕಾಫಿ ಕೊಟ್ಟು, "ಪೆಟ್ಟಿಗೆ ಮೊದಲಿದ್ದ ಕಡೆಗೇ ಇಟ್ಟುಬಿಡಪ್ಪ, ಅಲ್ಲೇ ಸರಿಯಿತ್ತು" ಎಂದಳು. ಅವನು ಹೋದ ಮೇಲೆ ನನ್ನ ಪಕ್ಕ ಬಂದು ಕೂತು ಒಂದು ತೆಂಗಿನ ಹೋಳು ಕೈಗೆತ್ತಿಕೊಂಡಳು.

"ಮಕ್, ಮಕ್ ಸು ಬೇರೆ ಭಾಷೆ ಆಡ್ತಿದಾರೆ ಅಲ್ವಾ?"

"ಹೂಂ."

"ಅವರಿಗೆ ಹೇಳಿದ್ರೆ ಹಳೇದರಲ್ಲೇ ಮಾತಾಡ್ತಾರಪ್ಪ."

ಗೊತ್ತು. ಅದು ನನಗೂ ಗೊತ್ತು. ಹೇಳಿದರೆ ನೀನು ಆ ಹೊಸದನ್ನೆಲ್ಲ ಬದಿಗಿಟ್ಟು, ನಿಧಾನವಾಗಿ, ಬಾಣಲೆಯ ಮೀನು ಮಗುಚಿ, ಬಲೆ ಬೀಸಿ, ನನಗೆ ತಿಳಿಯುವಷ್ಟೇ ಹೇಳುತ್ತೀಯ. ಅದೇ ಬೇಡ ಎನಿಸಿತು. ನಮ್ಮ ಮಾತಿನಲ್ಲಿ ಮೀನಿದೆ, ಮಳೆಯಿದೆ, ನೆರೆಯಿದೆ, ಮನೆಯವರ ಹೆಸರುಗಳಿವೆ. ಅದಕ್ಕಿಂತ ಹೆಚ್ಚೇನಿದೆ? ನಾವಿಬ್ಬರೇ ಆಡಿದ ಮಾತು, ನಮ್ಮಿಬ್ಬರಿಗೆ ಸಾಕಾಗುವಷ್ಟಿತ್ತು. ಆ ಶನಿವಾರದ ಕೋಣೆಯಲ್ಲಿ ಹತ್ತಾರು ಜನರ ನಡುವೆ ನಿನ್ನ ಕೈ ಏನೇನು ಹೇಳುತ್ತಿದೆಯೋ. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಯಾವ ಮಾತಿಗೆ ಅಲ್ಲಿ ಬೆರಳು ಸಿಕ್ಕಿದೆಯೋ. ಅದನ್ನೆಲ್ಲ ಬಿಟ್ಟು ಮೀನು ಮಳೆ ಮಾತಾಡು ಎಂದು ನಿನ್ನನ್ನು ಹಿಂದಕ್ಕೆ ಕರೆಯಲಾರೆ. ಆದರೆ ನೀನು ಹೋದ ಕಡೆಗೆ ಬರಬೇಕೆಂಬ ಆಸೆಯನ್ನು ಮಾತ್ರ ಬಿಡಲಾರೆ.

ಆದ್ದರಿಂದ ಈ ಕಾಗದ. ನೀನು ಕರೆಯಲ್ಲಿ ಕೂತಾಗ ಇದನ್ನು ಹೇಳಲು ನನಗೆ ನಾಚಿಕೆ, ಕಾಗದದಲ್ಲಿ ಅಷ್ಟಿಲ್ಲ. ಒಣಮೀನು ಸುತ್ತಿ ಬಂದ ಪೇಪರಿನಲ್ಲಿ ನಾನು ಅಕ್ಷರ ಕೂಡಿಸಿ ಓದಲು ಕಲಿತೆ, ಅದನ್ನೇ ಎದುರಿಗಿಟ್ಟು ನಿನಗೂ ಕಲಿಸಿದೆ. ಎಷ್ಟು ಸಲ ನಿನ್ನ ಬೆರಳಿಗೆ ಏಟು ಕೊಟ್ಟಿದ್ದೇನೆ, ಅಲ್ಲವೆ? ಈಗ ನಿನ್ನ ಸರದಿ. ಇಲ್ಲಿಂದ ಅಲ್ಲಿಗೆ ಏಟು ಮುಟ್ಟುವುದಿಲ್ಲ ಎಂಬ ಧೈರ್ಯ ನನಗಿದೆ. ಎಪ್ಪತ್ತರ ಬೆರಳು ಬಾಗಲು ಹಟ ಮಾಡುತ್ತದೆ, ಆದರೂ ಬಾಗುತ್ತದೆ. ದಿನಾ ಮಧ್ಯಾಹ್ನ ನಮಾಜಾದ ಮೇಲೆ ನಾನು ಸೆಲಾಂಗಿನಲ್ಲಿ ಕೂತಿರುತ್ತೇನೆ. ಆ ಹೊತ್ತಿನಲ್ಲಿ ಟಿವಿ ಹಾಕುವುದಿಲ್ಲ ಎಂದು ರೋಸ್ದಿ ಮಾತು ಕೊಟ್ಟಿದ್ದಾನೆ. ದೊಡ್ಡ ಪಂದ್ಯವಿದ್ದರೆ ಅವನ ಮಾತು ನಂಬಬೇಡ. ಲೀಜಾಳೂ ಪಕ್ಕದಲ್ಲಿ ಕೂರುತ್ತಾಳಂತೆ. ಕೂರಲಿ. ನಿನ್ನ ಕಡೆ ಸುರಾಯಾಳನ್ನೂ ಕೂರಿಸಿಕೋ. ನಮ್ಮಿಬ್ಬರದನ್ನು ನಾವು ಯಾರಿಗೂ ಹಂಚಲಿಲ್ಲ, ಇದು ಹಾಗಾಗುವುದು ಬೇಡ.

ಎಲ್ಲಿಂದ ಶುರು ಮಾಡಬೇಕು ಎಂದು ನೀನು ಕೇಳುತ್ತೀಯ. ನಾನೇ ಹೇಳುತ್ತೇನೆ. ಎರಡು ಕರೆಯಲ್ಲೂ, ಕಟ್ ಮಾಡುವ ಮೊದಲು, ನೀನು ಒಂದೇ ಮಾತನ್ನು ಹೇಳಿದೆ. ಅಂಗೈಯನ್ನು ಎದೆಯ ಹತ್ತಿರ ತಂದು, ಅಲ್ಲೇ ಒಂದು ಗಳಿಗೆ ಇಟ್ಟು, ಆಮೇಲೆ ನನ್ನ ಕಡೆಗೆ ಬಿಟ್ಟೆ. ನಗುತ್ತಿರಲಿಲ್ಲ. ಅದಕ್ಕೆ ನಮ್ಮ ಮಾತಿನಲ್ಲಿ ಏನೂ ಇಲ್ಲ, ನನಗೆ ಗೊತ್ತು, ಎಲ್ಲವನ್ನೂ ಒಂದೊಂದಾಗಿ ನೆನೆದು ನೋಡಿದೆ. ಹುಟ್ಟಿದಾಗಿನಿಂದ ಒಂದೇ ಮಾಡಿನ ಕೆಳಗಿದ್ದವರಿಗೆ ಕೆಲವು ಮಾತುಗಳು ಬೇಕಾಗಿಯೇ ಇರಲಿಲ್ಲ. ಲೀಜಾ "ಫೋನಲ್ಲಿ ಹುಡುಕಿದ್ರೆ ಸಿಗುತ್ತೆ ಮಕ್, ಚಿಟಿಕೆ ಹೊಡೆಯೋಷ್ಟರಲ್ಲಿ" ಎಂದಳು. ಬೇಡ ಎಂದೆ. ಅದು ನನಗೆ ಫೋನಿನಿಂದ ತಿಳಿಯುವುದು ಬೇಡ. ಅರ್ಥ ಗೊತ್ತಿಲ್ಲದೆಯೇ ದಿನಾ ಇಲ್ಲಿ ಕೂತು ಅದನ್ನು ಮಾಡಿ ಮಾಡಿ ನೋಡುತ್ತಿದ್ದೇನೆ. ಕೈ ಎದೆಯ ಹತ್ತಿರ ಬಂದು ನಿಲ್ಲುವಲ್ಲಿ ಸರಿಯಾಗುತ್ತದೆ. ನಿನ್ನ ಕಡೆಗೆ ಬಿಡುವಲ್ಲಿ ಪ್ರತಿ ಸಲವೂ ತಪ್ಪುತ್ತೇನೆ.

ಅದನ್ನೇ ಮೊದಲು ಕಲಿಸು.

ಅಲ್ಲಾಹನು ನಿನ್ನ ಮೊಣಕಾಲಿಗೆ ಬಲ ಕೊಡಲಿ, ನಿನ್ನ ಕೈಗಳಿಗೆ ಎಂದೂ ಬಿಡುವು ಕೊಡದಿರಲಿ, ನಿನಗೆ ಹೊಸ ಹೆಸರಿಟ್ಟವರ ಮನೆಗಳು ತಣ್ಣಗಿರಲಿ.

ಎರಡು ಹೆಸರಿನ ತಂಗಿಗೆ, ಕೆನ್ನೆಯ ಮಚ್ಚೆಯ ಅಕ್ಕ,
ಕಲ್ಸೋಮ್